ಎರಡು ನಿಮಿಷದ ಪರೀಕ್ಷೆಗೆ 31 ವರ್ಷ ಕಾಯುವವರು: ಕೆಂಡೋದ ಎಂಟನೇ ದಾನ್ ಕಥೆ

ಕಳೆದ ಸಂಚಿಕೆಯಲ್ಲಿ ಸಿಎ ಫೈನಲ್ ಬಗ್ಗೆ ಮಾತಾಡಿದ್ದೆ. ಅದಾದ ಮೇಲೆ ಕೇಳುಗರೊಬ್ಬರು ಒಂದು ಮೆಸೇಜ್ ಹಾಕಿದ್ರು: "ಮೇಡಂ, ಇದಕ್ಕಿಂತ ಕಷ್ಟದ ಪರೀಕ್ಷೆ ಪ್ರಪಂಚದಲ್ಲಿ ಇದೆಯಾ?" ಅವರು ತಮಾಷೆಗೆ ಕೇಳಿದ್ದಿರಬಹುದು. ಆದರೆ ನನಗೆ ತಕ್ಷಣ ಒಂದು ಪರೀಕ್ಷೆ ನೆನಪಾಯ್ತು. ಅದಕ್ಕೆ ಸಿಲೆಬಸ್ ಪುಸ್ತಕ ಇಲ್ಲ, ಓಎಂಆರ್ ಶೀಟ್ ಇಲ್ಲ. ಕೈಯಲ್ಲಿ ಬಿದಿರಿನ ಕತ್ತಿ ಹಿಡಿದು, ನಿಮ್ಮದೇ ವಯಸ್ಸಿನ ಒಬ್ಬರ ಎದುರು ಸುಮಾರು ಎರಡು ನಿಮಿಷ ನಿಲ್ಲಬೇಕು. ಅಷ್ಟೇ. ಆ ಎರಡು ನಿಮಿಷಕ್ಕಾಗಿ ಜನ ಇಪ್ಪತ್ತು, ಮೂವತ್ತು ವರ್ಷ ತಯಾರಿ ಮಾಡ್ತಾರೆ.

ಜಪಾನಿನ ಕತ್ತಿವರಸೆ ಕೆಂಡೋ. ಅದರ ಎಂಟನೇ ದಾನ್ ಪರೀಕ್ಷೆ ಇವತ್ತಿನ ವಿಷಯ.

ಮೊದಲು ಆ ದಿನ ಹೇಗಿರುತ್ತೆ ಅಂತ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಕ್ಯೋಟೋದಲ್ಲಿ ಒಂದು ಸಲ, ನವೆಂಬರಿನಲ್ಲಿ ಟೋಕಿಯೋದಲ್ಲಿ ಇನ್ನೊಂದು ಸಲ ಈ ಪರೀಕ್ಷೆ ನಡೆಯುತ್ತದೆ. ದೊಡ್ಡ ಒಳಾಂಗಣ ಕ್ರೀಡಾಂಗಣ. ಸಾವಿರಕ್ಕಿಂತ ಹೆಚ್ಚು ಅಭ್ಯರ್ಥಿಗಳು. ಅವರಲ್ಲಿ 46 ವರ್ಷಕ್ಕಿಂತ ಚಿಕ್ಕವರು ಒಬ್ಬರೂ ಇರುವುದಿಲ್ಲ, ಯಾಕಂದ್ರೆ ನಿಯಮದ ಪ್ರಕಾರ ಅದೇ ಕನಿಷ್ಠ ವಯಸ್ಸು. ಎಪ್ಪತ್ತು ದಾಟಿದವರೂ ಬರ್ತಾರೆ. ಸೊಂಟದ ಮುಂದೆ ಎಂದಿನಂತೆ ಹೆಸರಿನ ಪಟ್ಟಿ ಇರುವುದಿಲ್ಲ, ಅಲ್ಲಿ ಪರೀಕ್ಷೆಯ ಸಂಖ್ಯೆ ಮಾತ್ರ. ವಯಸ್ಸಿನ ಪ್ರಕಾರ ಜೋಡಿಸಿ ನಾಲ್ಕು ನಾಲ್ಕು ಜನರ ಗುಂಪು ಮಾಡ್ತಾರೆ. ಒಬ್ಬೊಬ್ಬರೂ ಗುಂಪಿನ ಇಬ್ಬರ ಎದುರು ಒಂದೊಂದು ಸಲ ಆಡಬೇಕು. ಎದುರಿಗೆ ಸಾಲಾಗಿ ಕೂತ ಪರೀಕ್ಷಕರು. ಪಾಯಿಂಟ್ ಘೋಷಿಸುವ ರೆಫರಿ ಇಲ್ಲ, ಬಾವುಟ ಇಲ್ಲ, ಸ್ಕೋರ್‌ಬೋರ್ಡ್ ಇಲ್ಲ. ಸಮಯ ಮುಗಿಯಿತು ಅಂತ ಸೂಚನೆ ಬಂದ ಕೂಡಲೇ ನಮಸ್ಕರಿಸಿ ಹಿಂದೆ ಸರಿಯಬೇಕು.

ಆಮೇಲೆ ಒಂದು ಹಲಗೆಯ ಮೇಲೆ ಸಂಖ್ಯೆಗಳು ಬರುತ್ತವೆ. ನಿಮ್ಮ ಸಂಖ್ಯೆ ಇದ್ದರೆ ಎರಡನೇ ಸುತ್ತು. ಅಲ್ಲೂ ಮತ್ತೆ ಅದೇ ತರಹದ ಎರಡು ಪಂದ್ಯ. ಅದೂ ದಾಟಿದರೆ ಕತಾ, ಅಂದ್ರೆ 1912ರಲ್ಲಿ ನಿಗದಿಯಾದ ಹತ್ತು ವರಸೆಗಳನ್ನು ಮರದ ಕತ್ತಿಯಲ್ಲಿ ಮಾಡಿ ತೋರಿಸಬೇಕು. ಕೊನೆಗೆ ಪಾಸಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಸಿಎ ಮಾಡ್ತಿರೋ ನನ್ನ ಗೆಳತಿಯರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು.

ನನಗೆ ಕುತೂಹಲ ಹುಟ್ಟಿಸಿದ್ದು ಈ ಶೇಕಡಾವಾರು ಲೆಕ್ಕ ಅಲ್ಲ. ಅಲ್ಲಿ ಫೇಲಾಗುವವರೆಲ್ಲ ಏಳನೇ ದಾನ್ ಆಗಿ ಕನಿಷ್ಠ ಹತ್ತು ವರ್ಷ ಕಳೆದವರು. ಅನೇಕರು ಪೊಲೀಸ್ ಇಲಾಖೆಯಲ್ಲಿ, ಶಾಲೆಗಳಲ್ಲಿ ಕೆಂಡೋ ಕಲಿಸುವವರು. ಎದುರಾಳಿಯ ತಲೆಗೆ ಹೊಡೆಯೋದು ಅವರಿಗೆ ನಿದ್ದೆಯಲ್ಲೂ ಬರುತ್ತೆ. ಪರೀಕ್ಷೆಯ ದಿನವೂ ಎಷ್ಟೋ ಜನ ಚೆನ್ನಾಗಿಯೇ ಹೊಡೀತಾರೆ, ಆದರೂ ಫೇಲ್ ಆಗ್ತಾರೆ. ಹಾಗಾದ್ರೆ ಪರೀಕ್ಷಕರು ನೋಡ್ತಿರೋದು ಏನನ್ನ?

ಅದಕ್ಕೆ ಉತ್ತರ ಬೇಕಾದರೆ ಕೆಂಡೋದಲ್ಲಿ 'ಹೊಡೆತ' ಅಂದ್ರೆ ಏನು ಅನ್ನೋದು ಗೊತ್ತಿರಬೇಕು. ನಾಲ್ಕು ಬಿದಿರಿನ ಸೀಳುಗಳನ್ನು ಚರ್ಮದಿಂದ ಕಟ್ಟಿ ಮಾಡಿದ ಕತ್ತಿಗೆ ಶಿನಾಯ್ ಅಂತಾರೆ. ವಯಸ್ಕ ಗಂಡಸರದ್ದು 120 ಸೆಂಟಿಮೀಟರ್ ಮೀರಬಾರದು, ತೂಕ 510 ಗ್ರಾಂಗಿಂತ ಕಡಿಮೆ ಇರಬಾರದು. ಹೆಂಗಸರಿಗೆ 440 ಗ್ರಾಂ. ಅದರ ಒಂದು ಬದಿಯಲ್ಲಿ ತುದಿಯಿಂದ ಹಿಡಿಯವರೆಗೆ ದಾರ ಎಳೆದಿರುತ್ತಾರೆ. ಆ ಬದಿ ಕತ್ತಿಯ ಬೆನ್ನು ಅಂತ ಲೆಕ್ಕ, ಅದರ ಎದುರಿನದು ಅಲಗು. ಹೊಡೆಯಬಹುದಾದ ಜಾಗಗಳು ನಾಲ್ಕೇ: ತಲೆ, ಮುಂಗೈ, ಪಕ್ಕೆ, ಮತ್ತೆ ಗಂಟಲಿಗೆ ತಿವಿತ. ಇವುಗಳ ಜಪಾನಿ ಹೆಸರುಗಳು ಮೆನ್, ಕೋತೆ, ದೋ, ತ್ಸುಕಿ. ಎಲ್ಲದಕ್ಕೂ ರಕ್ಷಾಕವಚ ಇದೆ.

ಜಾಗಕ್ಕೆ ತಾಗಿದ ಮಾತ್ರಕ್ಕೆ ಪಾಯಿಂಟ್ ಸಿಗಲ್ಲ. ಶಿನಾಯ್‌ನ ಸರಿಯಾದ ಭಾಗ, ಅಂದ್ರೆ ತುದಿಯ ಕಡೆಯ ಭಾಗ ತಾಗಬೇಕು. ಅಲಗಿನ ಬದಿಯೇ ತಾಗಬೇಕು, ಮಗ್ಗುಲು ತಾಗಿದರೆ ಲೆಕ್ಕಕ್ಕಿಲ್ಲ. ದೇಹದ ನಿಲುವು ಸರಿ ಇರಬೇಕು. ಗಟ್ಟಿ ದನಿಯ ಕೂಗಿನಲ್ಲಿ ಮನಸ್ಸು ಪೂರ್ತಿ ಅದರಲ್ಲಿದೆ ಅನ್ನೋದು ಕಾಣಬೇಕು. ಹೆಜ್ಜೆ, ಕತ್ತಿ, ಕೂಗು ಮೂರೂ ಒಂದೇ ಕ್ಷಣದಲ್ಲಿ ಬೀಳಬೇಕು. ಹೊಡೆದಾದ ಮೇಲೂ ಎದುರಾಳಿ ತಿರುಗಿ ಬಂದಾನು ಅನ್ನೋ ಎಚ್ಚರ ಉಳಿದಿರಬೇಕು. ಇದಕ್ಕೆ ಜಾನ್‌ಶಿನ್ ಅಂತಾರೆ, ಉಳಿದ ಮನಸ್ಸು ಅನ್ನಬಹುದು. ಪಾಯಿಂಟ್ ಬಂತು ಅಂತ ಮುಷ್ಟಿ ಎತ್ತಿ ಕುಣಿದರೆ ಕೊಟ್ಟ ಪಾಯಿಂಟನ್ನೇ ವಾಪಸ್ ತಗೊಳ್ಳಬಹುದು. ವಿಕೆಟ್ ಬಿದ್ದಾಗ ನಮ್ಮ ಬೌಲರ್‌ಗಳು ಮಾಡೋ ಸಂಭ್ರಮ ನೆನೆಸಿಕೊಳ್ಳಿ, ಕೆಂಡೋ ಅಂಕಣದಲ್ಲಿ ಅವರಿಗೆ ಒಂದು ವಿಕೆಟ್ಟೂ ಉಳೀತಿರಲಿಲ್ಲ.

ಈಗ ದರ್ಜೆಗಳ ಲೆಕ್ಕಕ್ಕೆ ಬರೋಣ, ಕಾಮರ್ಸ್ ಓದಿದವಳಿಗೆ ಇದು ಇಷ್ಟದ ಭಾಗ. ನಮ್ಮ ಬಡಾವಣೆಗಳಲ್ಲಿ ಕರಾಟೆ ಕ್ಲಾಸಿನಿಂದಾಗಿ ಬೆಲ್ಟಿನ ಬಣ್ಣ ಎಲ್ಲರಿಗೂ ಗೊತ್ತು. ಕೆಂಡೋದಲ್ಲಿ ಬಣ್ಣದ ಬೆಲ್ಟು ಇಲ್ಲವೇ ಇಲ್ಲ. ಸಾಮಾನ್ಯವಾಗಿ ಕಲಿಯೋಕೆ ಬಂದವನದ್ದೂ, ಎಂಟನೇ ದಾನ್ ಗುರುಗಳದ್ದೂ ಅದೇ ಕಡುನೀಲಿ ಉಡುಪು. ಯಾರು ಯಾವ ದರ್ಜೆ ಅನ್ನೋದು ಸಾಲಿನಲ್ಲಿ ಕೂರುವ ಜಾಗದಿಂದ ಗೊತ್ತಾಗಬೇಕು ಅಷ್ಟೇ.

ಒಂದನೇ ದಾನ್‌ಗೆ ಕನಿಷ್ಠ ವಯಸ್ಸು 13. ಅಲ್ಲಿಂದ ಎರಡನೆಯದಕ್ಕೆ 1 ವರ್ಷ ಕಾಯಬೇಕು. ಮೂರನೆಯದಕ್ಕೆ 2 ವರ್ಷ, ನಾಲ್ಕಕ್ಕೆ 3, ಐದಕ್ಕೆ 4, ಆರಕ್ಕೆ 5, ಏಳಕ್ಕೆ 6. ಏಳರಿಂದ ಎಂಟಕ್ಕೆ ಮಾತ್ರ ಒಮ್ಮೆಲೇ 10 ವರ್ಷ. ಕೂಡಿಸಿ ನೋಡಿ, 31 ವರ್ಷ ಆಗುತ್ತೆ. ಒಂದು ಪರೀಕ್ಷೆಯಲ್ಲೂ ಫೇಲಾಗದೆ, ಒಂದು ದಿನವೂ ತಡಮಾಡದೆ ಹೋದರೆ ಇಷ್ಟು. ನಮ್ಮ ಪಿಪಿಎಫ್ ಖಾತೆ 15 ವರ್ಷಕ್ಕೆ ಮೆಚೂರ್ ಆಗುತ್ತೆ. ಎರಡು ಪಿಪಿಎಫ್ ಒಂದರ ಹಿಂದೊಂದು ಮುಗಿಸಿದರೂ ಇನ್ನೊಂದು ವರ್ಷ ಬಾಕಿ! ಇಷ್ಟೆಲ್ಲ ಲಾಕ್-ಇನ್ ಮುಗಿದ ಮೇಲೆ ಸಿಗೋದು ಪರೀಕ್ಷೆಗೆ ಕೂರುವ ಅರ್ಹತೆ ಮಾತ್ರ.

ಇದಕ್ಕಿಂತ ಮೇಲೆ ಏನಿದೆ ಅಂದ್ರೆ, ಈಗ ಏನೂ ಇಲ್ಲ. ಮೊದಲು ಒಂಬತ್ತು, ಹತ್ತನೇ ದಾನ್ ಕೂಡ ಇದ್ದವು, 2000ನೇ ಇಸವಿಯಲ್ಲಿ ಅವನ್ನು ನಿಲ್ಲಿಸಿದರು. ರೆನ್‌ಶಿ, ಕ್ಯೋಶಿ, ಹಾನ್‌ಶಿ ಅಂತ ಬಿರುದುಗಳು ಬೇರೆ ಇವೆ, ಅದರ ಗೊಂದಲ ಇವತ್ತು ಬೇಡ.

ಒಂದು ವಿಚಿತ್ರ ಗಮನಿಸಿ. ಪ್ರತಿ ವರ್ಷ ನವೆಂಬರ್ 3ರಂದು ಟೋಕಿಯೋದ ನಿಪ್ಪೋನ್ ಬುದೋಕಾನ್‌ನಲ್ಲಿ ಅಖಿಲ ಜಪಾನ್ ಕೆಂಡೋ ಚಾಂಪಿಯನ್‌ಶಿಪ್ ನಡೆಯೋದು ವಾಡಿಕೆ. ಗೆಲ್ಲುವವರು ಹೆಚ್ಚಾಗಿ ಇಪ್ಪತ್ತು, ಮೂವತ್ತರ ವಯಸ್ಸಿನ ಪೊಲೀಸರು. 2014ರಲ್ಲಿ ತಾಕೆನೌಚಿ ಯೂಯಾ ಗೆದ್ದಾಗ ಅವರಿಗೆ 21 ವರ್ಷ, ಇನ್ನೂ ಯೂನಿವರ್ಸಿಟಿ ವಿದ್ಯಾರ್ಥಿ. ಮಿಯಾಝಾಕಿ ಮಾಸಾಹಿರೋ ಅಂತ ಇದ್ದಾರೆ, ಈ ಚಾಂಪಿಯನ್‌ಶಿಪ್ಪನ್ನು 6 ಸಲ ಗೆದ್ದವರು. ಅಂಥವರೂ ಎಂಟನೇ ದಾನ್‌ಗೆ ವಯಸ್ಸಾಗುವವರೆಗೆ ಕಾಯಲೇಬೇಕಿತ್ತು. ಅಂದ್ರೆ ಪಂದ್ಯ ಗೆಲ್ಲೋ ವಯಸ್ಸು ಪೂರ್ತಿ ಮುಗಿದ ಮೇಲೆ ದೊಡ್ಡ ಪರೀಕ್ಷೆ ಶುರುವಾಗುತ್ತೆ. ಕಾಲಿನ ವೇಗ ಕಡಿಮೆಯಾದ ಮೇಲೆ, ಮೊಣಕಾಲು ನೋಯಲು ಶುರುವಾದ ಮೇಲೆ. ಬೇರೆ ಯಾವ ಕ್ರೀಡೆ ಹೀಗೆ ಮಾಡುತ್ತೆ ಹೇಳಿ?

ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ನೆರವಾದದ್ದು ನಮ್ಮ ಕಬಡ್ಡಿ. ಒಳ್ಳೆ ರೈಡರ್ ಒಳಗೆ ಹೋದ ಕೂಡಲೇ ಮುಟ್ಟೋಕೆ ಧಾವಿಸಲ್ಲ. ಒಂದು ಹೆಜ್ಜೆ ಒಳಗೆ ಇಡ್ತಾನೆ, ಭುಜ ಸ್ವಲ್ಪ ಒಲೀತಾನೆ. ಕಾರ್ನರ್‌ನಲ್ಲಿ ನಿಂತವನ ತೂಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತೆ. ಅಷ್ಟು ಹೊತ್ತಿಗೆ ಆ ಡಿಫೆಂಡರ್ ಸೋತಾಗಿರುತ್ತೆ, ಕೈ ತಾಗೋದು ಆಮೇಲೆ. ಕೆಂಡೋದಲ್ಲಿ ಇದರ ಹೆಸರು ಸೆಮೆ. ಎದುರಾಳಿಯ ಮೇಲೆ ಹಾಕುವ ಒತ್ತಡ.

ಇಬ್ಬರು ಎದುರು ಬದುರು ನಿಂತಾಗ ಒಂದು ದೂರ ಇರುತ್ತೆ. ಒಂದು ಹೆಜ್ಜೆ ಮುಂದೆ ಇಟ್ಟರೆ ಹೊಡೆಯಬಹುದು, ಒಂದು ಹೆಜ್ಜೆ ಹಿಂದೆ ಇಟ್ಟರೆ ತಪ್ಪಿಸಿಕೊಳ್ಳಬಹುದು. ಈ ಗೆರೆಯ ಮೇಲೆ ಇಬ್ಬರೂ ಶಿನಾಯ್‌ನ ತುದಿಗಳನ್ನು ಒಂದಕ್ಕೊಂದು ತಾಗಿಸಿಕೊಂಡು ನಿಂತಿರ್ತಾರೆ. ನಡುವಿನ ಗೆರೆ ಯಾರ ಕೈಯಲ್ಲಿದೆ ಅನ್ನೋದೇ ಪೈಪೋಟಿ. ನಾನು ನಿಮ್ಮ ಗಂಟಲಿನ ಕಡೆ ತುದಿ ಇಟ್ಟು ಒಂದು ಇಂಚು ಮುಂದೆ ಬಂದೆ ಅಂದುಕೊಳ್ಳಿ. ನೀವು ಏನು ಮಾಡ್ತೀರಿ? ಬೆಚ್ಚಬಹುದು. ಹೆದರಬಹುದು. 'ಈಗ ಹೊಡೀತಾಳೋ ಇಲ್ಲವೋ' ಅಂತ ಅನುಮಾನ ಬರಬಹುದು. ಅಥವಾ ಏನೂ ತೋಚದೆ ಗಲಿಬಿಲಿ ಆಗಬಹುದು. ಕೆಂಡೋದಲ್ಲಿ ಈ ನಾಲ್ಕಕ್ಕೂ ಒಟ್ಟಾಗಿ ಒಂದು ಹೆಸರಿದೆ, ನಾಲ್ಕು ಕಾಯಿಲೆಗಳು ಅಂತ ಬೇಕಾದ್ರೆ ಕರೆಯೋಣ. ನಾಲ್ಕರಲ್ಲಿ ಒಂದು ಬಂದರೂ ಕೈ ಅಲುಗುತ್ತೆ, ಮುಂಗೈ ಮೇಲೇಳುತ್ತೆ, ಇಲ್ಲವೇ ತಡೆಯಲಾಗದೆ ನೀವೇ ಮುಂದೆ ನುಗ್ಗುತ್ತೀರಿ. ನುಗ್ಗಲು ಹೊರಟ ಆ ಮೊದಲ ಗಳಿಗೆಯಲ್ಲೇ ನಾನು ಹೊಡೆದರೆ, ಅದು ಹಿರಿಯರು ಮೆಚ್ಚುವ ಹೊಡೆತ.

ಮೇಲ್ದರ್ಜೆಯ ಪರೀಕ್ಷಕರು ನೋಡ್ತಿರೋದು ಇದನ್ನೇ. ಹೊಡೆತಕ್ಕಿಂತ ಮೊದಲು ಏನಾಯ್ತು? ಆ ಅವಕಾಶವನ್ನು ನೀವು ಹುಟ್ಟಿಸಿದಿರೋ, ಅಥವಾ ಎದುರಾಳಿಯ ತಪ್ಪಿನಿಂದ ತಾನಾಗಿ ಸಿಕ್ಕಿತೋ? ಎರಡು ನಿಮಿಷದಲ್ಲಿ ಪಾಸಾಗಲೇಬೇಕು ಅನ್ನೋ ಆತುರದಲ್ಲಿ ಹತ್ತು ಹದಿನೈದು ಸಲ ನುಗ್ಗಿ, ಅದರಲ್ಲಿ ಮೂರು ಚೆನ್ನಾಗಿ ತಾಗಿದರೂ, ಉಳಿದವು ವ್ಯರ್ಥ ಹೊಡೆತ ಅಂತ ಲೆಕ್ಕ. ಇನ್ನೊಬ್ಬರು ಮುಕ್ಕಾಲು ನಿಮಿಷ ಸುಮ್ಮನೆ ನಿಂತಂತೆ ಕಂಡು, ಒಂದೇ ಒಂದು ಹೊಡೆತದಲ್ಲಿ ಎಲ್ಲ ಮುಗಿಸಬಹುದು. ಅದಕ್ಕೇ ಮೊದಲ ಹೊಡೆತದ ಬಗ್ಗೆ ಅಭ್ಯರ್ಥಿಗಳು ಅಷ್ಟು ತಲೆ ಕೆಡಿಸಿಕೊಳ್ಳೋದು.

ಆದರೆ ಸುಮ್ಮನೆ ನಿಂತರೆ ಮಾತ್ರ ಸಾಲದು. ಕಾಯುತ್ತಾ ನಿಂತವರು ಎರಡು ನಿಮಿಷ ಕಳೆದು ಏನೂ ಮಾಡದೆ ಹೊರಗೆ ಬರ್ತಾರೆ. ಒಳಗೆ ತುಂಬಿಕೊಂಡು, ತಡೆದುಕೊಂಡು, ಗಳಿಗೆ ಬಂದಾಗ 'ತಾಗದಿದ್ದರೆ ನನ್ನ ತಲೆಗೇ ಹೊಡೆತ ಬೀಳಲಿ' ಅಂತ ಪೂರ್ತಿ ಬಿಟ್ಟು ಹೋಗಬೇಕು. ಸೇಫ್ಟಿಗೆ ಅಂತ ಅರ್ಧ ಮನಸ್ಸು ಹಿಂದಿಟ್ಟುಕೊಂಡರೆ ಅದು ದೇಹದಲ್ಲಿ ಕಂಡುಬಿಡುತ್ತೆ. ಎಡಗಾಲಿನ ಹಿಮ್ಮಡಿಯಲ್ಲಿ, ಕುತ್ತಿಗೆಯಲ್ಲಿ.

ಅಖಿಲ ಜಪಾನ್ ಕೆಂಡೋ ಒಕ್ಕೂಟದ ನಿಯಮದಲ್ಲಿ ಏನು ಬರೆದಿದೆ ಅಂತ ನೋಡಿದರೆ ಇನ್ನೂ ಮಜಾ. ಒಂದರಿಂದ ಮೂರನೇ ದಾನ್‌ವರೆಗೆ ನೋಡೋದು ಉಡುಪು, ಶಿಷ್ಟಾಚಾರ, ನಿಲುವು, ಮೂಲಪಾಠದ ಹೊಡೆತ, ಹುರುಪು. ನಾಲ್ಕು, ಐದಕ್ಕೆ ಇದರ ಮೇಲೆ ತಂತ್ರಗಳ ಬಳಕೆ, ಪಳಗಿದ ಮಟ್ಟ, ಗೆಲ್ಲುವ ರೀತಿ ಸೇರುತ್ತದೆ. ಆರರಿಂದ ಎಂಟಕ್ಕೆ ಸೇರುವ ಹೊಸ ಅಂಶಗಳು ಇವು: ಹೊಡೆತದ ಹಿಂದಿನ ತರ್ಕ, ಆಮೇಲೆ ಗಾಂಭೀರ್ಯ ಮತ್ತು ಘನತೆ. ಹೌದು, ಪರೀಕ್ಷೆಯ ಮಾನದಂಡದಲ್ಲೇ ಗಾಂಭೀರ್ಯ ಇದೆ. ಎಂಟನೇ ದಾನ್ ಯಾರಿಗೆ ಅನ್ನೋದರ ವಿವರಣೆಯಲ್ಲಿ ಬರುವ ಒಂದು ಜಪಾನಿ ಪದದ ಅರ್ಥ ನಮ್ಮ 'ಮಾಗುವುದು' ಅನ್ನೋದಕ್ಕೆ ತುಂಬ ಹತ್ತಿರ. ಕೌಶಲ ಮಾಗಿರಬೇಕು. ಮಾವಿನಹಣ್ಣು ಮಾಗಿದೆಯಾ ಅಂತ ನಮ್ಮಜ್ಜಿ ಮೂಸಿ ನೋಡಿ ಹೇಳ್ತಿದ್ದಳು. ಇಲ್ಲಿ ಪರೀಕ್ಷಕರು ಮಾಡೋದೂ ಹೆಚ್ಚು ಕಡಿಮೆ ಅದೇ.

ನನ್ನ ಅನುಮಾನ ಶುರುವಾಗೋದೂ ಇಲ್ಲೇ. ಗಾಂಭೀರ್ಯಕ್ಕೆ ಎಷ್ಟು ಮಾರ್ಕು? ಆಡಿಟ್ ಮಾಡುವವರು ಯಾರು?

ಯಾಕೆ ಹೀಗೆ ಬಂತು ಅನ್ನೋದಕ್ಕೆ ಚರಿತ್ರೆಯಲ್ಲಿ ಕಾರಣ ಇದೆ, ಚುಟುಕಾಗಿ ಹೇಳ್ತೀನಿ. 1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳು ಸೊಂಟದಲ್ಲಿ ಕತ್ತಿ ಧರಿಸೋದನ್ನು ನಿಷೇಧಿಸಿತು. ಅಲ್ಲಿಗೆ ಕತ್ತಿವಿದ್ಯೆಗೆ ಕೆಲಸವೇ ಇಲ್ಲದಂತಾಯ್ತು. ಅದನ್ನು ಉಳಿಸಿದವರಲ್ಲಿ ಟೋಕಿಯೋ ಪೊಲೀಸರು ಮುಖ್ಯರು. 1895ರಲ್ಲಿ ಕ್ಯೋಟೋದಲ್ಲಿ ಬುತೋಕುಕಾಯ್ ಅನ್ನೋ ಸಂಸ್ಥೆ ಹುಟ್ಟಿತು. ಅದು 1899ರಲ್ಲಿ ಕಟ್ಟಿಸಿದ ಬುತೋಕುದೆನ್ ಅನ್ನೋ ಮರದ ಸಭಾಂಗಣ ಈಗಲೂ ಇದೆ. ಮೇ ಮೊದಲ ವಾರ ಹಿರಿಯ ದರ್ಜೆಯವರೆಲ್ಲ ಅಲ್ಲಿ ಸೇರ್ತಾರೆ. ಮಹಾಯುದ್ಧದ ಕಾಲದಲ್ಲಿ ಕೆಂಡೋ ಸೈನಿಕ ತರಬೇತಿಯ ಭಾಗವಾಗಿಬಿಟ್ಟಿತ್ತು. 1945ರಲ್ಲಿ ಜಪಾನ್ ಸೋತ ಮೇಲೆ ಅಮೆರಿಕನ್ನರ ಆಡಳಿತದಲ್ಲಿ ಶಾಲೆಗಳಲ್ಲಿ ನಿಷೇಧವಾಯ್ತು. ಈಗಿನ ಒಕ್ಕೂಟ ಹುಟ್ಟಿದ್ದು 1952ರಲ್ಲಿ. ಕತ್ತಿ ಯಾರನ್ನೂ ಕೊಲ್ಲೋಕೆ ಅಲ್ಲ ಅಂದ್ಮೇಲೆ ಯಾಕೆ ಕಲೀಬೇಕು ಅನ್ನೋ ಪ್ರಶ್ನೆಗೆ ಅವರು ಉತ್ತರ ಕೊಡಲೇಬೇಕಿತ್ತು. 1975ರಲ್ಲಿ ಲಿಖಿತವಾಗಿ ಕೊಟ್ಟರು: ಕತ್ತಿಯ ನಿಯಮಗಳ ಅಭ್ಯಾಸದ ಮೂಲಕ ಮನುಷ್ಯನ ವ್ಯಕ್ತಿತ್ವ ರೂಪಿಸೋದು ಕೆಂಡೋದ ಉದ್ದೇಶ ಅಂತ. ಉದ್ದೇಶವೇ ವ್ಯಕ್ತಿತ್ವ ಅಂದಮೇಲೆ, ಪರೀಕ್ಷೆಯಲ್ಲೂ ವ್ಯಕ್ತಿತ್ವವನ್ನೇ ನೋಡಬೇಕಲ್ಲ.

ಸಮಸ್ಯೆ ಏನಂದ್ರೆ, ನೋಡುವವರ ಕಣ್ಣನ್ನು ನಂಬಬೇಕು. ಇದೇ ಒಕ್ಕೂಟದ ಅಡಿಯಲ್ಲಿ ಇಯಾಯ್ದೋ ಅಂತ ಇನ್ನೊಂದು ವಿದ್ಯೆ ಇದೆ. ಒಬ್ಬರೇ ನಿಂತು ಅಥವಾ ಕೂತು, ಒರೆಯಿಂದ ಲೋಹದ ಕತ್ತಿ ಸೆಳೆದು, ಕಾಲ್ಪನಿಕ ಎದುರಾಳಿಯನ್ನು ಕಡಿದು, ಮತ್ತೆ ಒರೆಗೆ ಸೇರಿಸುವ ವರಸೆಗಳು. ಒಕ್ಕೂಟದ ನಿಗದಿತ ವರಸೆಗಳೇ 12. ಇಲ್ಲಿ ಯಾರಿಗೂ ಏನೂ ತಾಗಲ್ಲ, ಹಾಗಾಗಿ ತೀರ್ಪು ಪೂರ್ತಿ ಹಿರಿಯರ ಕಣ್ಣಿನ ಮೇಲೆ. 2018ರಲ್ಲಿ ಏನು ಬಯಲಾಯ್ತು ಗೊತ್ತಾ? ಇಯಾಯ್ದೋದ ಎಂಟನೇ ದಾನ್ ಪರೀಕ್ಷೆಯಲ್ಲಿ ಅಭ್ಯರ್ಥಿಗಳಿಂದ ಹಣ ತೆಗೆದುಕೊಂಡು ಪರೀಕ್ಷಕರಿಗೆ ಹಂಚುವ ಪದ್ಧತಿ ನಡೆದಿತ್ತು ಅನ್ನೋದು. ಒಕ್ಕೂಟವೇ ಒಪ್ಪಿಕೊಂಡಿತು. ಘನತೆಯನ್ನು ಅಳೆಯುವ ಪರೀಕ್ಷೆಗೆ ಲಂಚ! ಈ ಸುದ್ದಿ ಓದಿದಾಗ ನನಗೆ ಮೊದಲು ಬಂದದ್ದು ನಗು. ಆಮೇಲೆ, ಹಣ ಕೊಡದೆ ವರ್ಷಗಟ್ಟಲೆ ಫೇಲಾದವರು ಇದ್ದಿರಬೇಕಲ್ಲ ಅಂತ ಯೋಚನೆ ಬಂತು. ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಂಡು ದಿನಾ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದವರು.

ಅಂಕಪಟ್ಟಿ ಇಲ್ಲದ ಪರೀಕ್ಷೆಯನ್ನು ನಾನು ಸುಲಭವಾಗಿ ನಂಬುವವಳಲ್ಲ. ಆದರೆ ಕೆಂಡೋದ ಮಟ್ಟಿಗೆ ಒಂದು ವ್ಯತ್ಯಾಸ ಇದೆ ಅನ್ನಿಸುತ್ತೆ. ಅಲ್ಲಿ ಎದುರಿಗೆ ಇನ್ನೊಬ್ಬ ಮನುಷ್ಯ ನಿಂತಿರ್ತಾನೆ, ಅವನಿಗೂ ಪಾಸಾಗಬೇಕಿದೆ. ನಿಮ್ಮ ಗಾಂಭೀರ್ಯ ನಾಟಕವಾಗಿದ್ದರೆ ಅವನ ಶಿನಾಯ್ ನಿಮ್ಮ ತಲೆಯ ಮೇಲೆ ಬೀಳುತ್ತೆ, ಅದನ್ನು ಇಡೀ ಕ್ರೀಡಾಂಗಣ ನೋಡುತ್ತೆ. ನೂರಕ್ಕೆ ಒಬ್ಬರನ್ನು ಆರಿಸುವಾಗ ತಪ್ಪೇ ಆಗಲ್ಲ ಅಂತ ನಾನು ಹೇಳಲ್ಲ. ಪಾಸಾದ ಒಬ್ಬರಿಗೂ, ಅವರ ಹಿಂದೆ ಉಳಿದ ಇಬ್ಬರು ಮೂವರಿಗೂ ನಡುವೆ ಕೂದಲೆಳೆಯ ಅಂತರ ಇರಬಹುದು. ಆ ಅಂತರಕ್ಕೆ ಮತ್ತೊಂದು ವರ್ಷ ಅಂದ್ರೆ, 68ರ ಹರೆಯದವರಿಗೆ ಅದು ಸಣ್ಣ ಬೆಲೆ ಅಲ್ಲ.

ಆದರೂ ಅವರು ಯಾಕೆ ಬರ್ತಾರೆ? ಇದಕ್ಕೆ ನನಗೆ ಸಿಕ್ಕ ಹತ್ತಿರದ ಉತ್ತರ ಮೋಚಿದಾ ಮೊರಿಜಿ ಅವರದ್ದು. 1885ರಲ್ಲಿ ಹುಟ್ಟಿದವರು. 1929ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ನಡೆದ ಪಂದ್ಯಾವಳಿಯಲ್ಲಿ ವೃತ್ತಿಪರರ ವಿಭಾಗ ಗೆದ್ದವರು, ಆಮೇಲೆ ಹತ್ತನೇ ದಾನ್ ಆದವರು, 1974ರಲ್ಲಿ ತೀರಿಕೊಂಡರು. ಅವರು ಹೇಳಿದ್ದರ ಸಾರ ಇಷ್ಟು: ಮೂಲಪಾಠವನ್ನು ಮೈಗೂಡಿಸಿಕೊಳ್ಳೋಕೇ ತನಗೆ ಐವತ್ತು ವರ್ಷ ವಯಸ್ಸಾಯಿತು, ನಿಜವಾದ ಅಭ್ಯಾಸ ಅಲ್ಲಿಂದ ಶುರುವಾಯಿತು. ಅರವತ್ತಕ್ಕೆ ಕಾಲು ಸೋತಿತು, ಆ ಕೊರತೆಯನ್ನು ಮನಸ್ಸಿನಿಂದ ತುಂಬಿಕೊಳ್ಳೋದನ್ನು ಕಲಿತರು. ಬೇರೆ ಆಟಗಳಲ್ಲಿ ನಿವೃತ್ತಿಯ ಭಾಷಣ ಮಾಡುವ ವಯಸ್ಸಿನಲ್ಲಿ ಇವರು ಆರಂಭದ ಮಾತಾಡ್ತಿದ್ದಾರೆ. ಕೆಂಡೋ ಅಭ್ಯಾಸದ ಕೋಣೆಯಲ್ಲಿ ಎಪ್ಪತ್ತರ ಅಜ್ಜ, ಇಪ್ಪತ್ತರ ಹುಡುಗ ಒಂದೇ ನೆಲದ ಮೇಲೆ ಎದುರಾಗ್ತಾರೆ, ಹುಡುಗನೇ ಏದುಸಿರು ಬಿಡ್ತಾ ಹೊರಗೆ ಬರೋದು ಅಪರೂಪವೇನಲ್ಲ. ಹಿರಿಯರು ಅಲ್ಲಿ ಹೊಡೆತ ತೆಗೆದುಕೊಳ್ಳುವ ಜಾಗದಲ್ಲಿ ನಿಲ್ತಾರೆ. ಕಿರಿಯರು ಒಬ್ಬರಾದ ಮೇಲೊಬ್ಬರು ಬಂದು ಅವರ ತಲೆಗೆ ಹೊಡೆದು ಕಲೀತಾರೆ.

ಈ ಪರೀಕ್ಷೆಯ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ನೋಡೋದಾದ್ರೆ ನಾನು ಮಾಡೋ ರೀತಿ ಹೇಳ್ತೀನಿ. ಮೊದಲ ಸಲ ಸುಮ್ಮನೆ ನೋಡಿ, ಬರೀ ಕಿರುಚಾಟ ಅನ್ನಿಸುತ್ತೆ, ಪರವಾಗಿಲ್ಲ. ಎರಡನೇ ಸಲ ಹೊಡೆತಗಳನ್ನು ನೋಡಲೇಬೇಡಿ, ಇಬ್ಬರ ಪಾದಗಳನ್ನು ಮಾತ್ರ ನೋಡಿ. ಯಾರು ಇಂಚಿಂಚು ಮುಂದೆ ಬರ್ತಿದ್ದಾರೆ, ಯಾರು ಗೊತ್ತಿಲ್ಲದೆ ಹಿಂದೆ ಸರೀತಿದ್ದಾರೆ ಅಂತ ಗೊತ್ತಾಗುತ್ತೆ. ಮೂರನೇ ಸಲ ಶಿನಾಯ್‌ನ ತುದಿಗಳು ಕೂಡುವ ಜಾಗದ ಮೇಲೆ ಕಣ್ಣಿಡಿ, ಹೊಡೆತ ಯಾವಾಗ ಬರುತ್ತೆ ಅಂತ ಮೊದಲೇ ಊಹಿಸೋಕೆ ಪ್ರಯತ್ನಿಸಿ. ನಾನು ಹತ್ತರಲ್ಲಿ ಎರಡು ಸಲ ಸರಿಯಾಗಿ ಹೇಳ್ತೀನಿ. ನಿಮ್ಮ ಲೆಕ್ಕ ಎಷ್ಟು ಬಂತು ಅಂತ ಮೆಸೇಜ್ ಹಾಕಿ. ಮುಂದಿನ ವಾರ ಸಿಗೋಣ.